ಅಡಿಕೆ, ಕ್ಯಾನ್ಸರ್ ಮತ್ತು ಒಂದು ಜೆರಾಕ್ಸ್ ಹಾಳೆ

(ನಮ್ಮೂರಿನ ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಸಮಯ ಸಾಲದೆ ಬಿಟ್ಟದ್ದನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಇದೆ. ನೆರೆಮನೆಯ ಭಾವ ಎರಡು ತಿಂಗಳ ಹಿಂದೆ ತಂದು ಕೊಟ್ಟದ್ದು. ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿ ಇಟ್ಟು ಇಟ್ಟು, ಮಡಿಕೆ ಬಿದ್ದ ಕಡೆ ಅಕ್ಷರವೇ ಅಳಿಸಿ ಹೋಗಿದೆ. ಮೇಲೆ ಇಂಗ್ಲಿಷಿನಲ್ಲಿ ಹೆಡ್ಡಿಂಗ್. ಅದರ ಅರ್ಥ ಇಷ್ಟು: ಅಡಿಕೆಯ ಸಾರಕ್ಕೆ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ಗುಣ ಇದೆ. ಯಾರೋ ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ಭಾವ ಕೇಳಿದ್ದು ಒಂದೇ ಮಾತು. "ನೀನು ಅಷ್ಟು ವರ್ಷ ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಇದ್ದವಳು. ಇದು ನಿಜವಾ ಸುಳ್ಳಾ, ಹೇಳು."

ಆ ಹೊತ್ತಿಗೆ ನಾನು ಉತ್ತರ ಕೊಡಲಿಲ್ಲ. ಇವತ್ತು ಇಲ್ಲಿ ಕರೆದದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಆ ಪ್ರಶ್ನೆ ಭಾವ ಒಬ್ಬರದ್ದಲ್ಲ, ತೋಟ ಇರುವ ನಮ್ಮೆಲ್ಲರದ್ದೂ ಹೌದು.

ನಾನು ಡಾಕ್ಟರಲ್ಲ, ಮೊದಲೇ ಹೇಳುತ್ತೇನೆ. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ 26 ವರ್ಷ ಕೆಲಸ ಮಾಡಿದೆ. ಬೆಳಿಗ್ಗೆ ಗಡಿಯ ತಲಪಾಡಿ ದಾಟಿ ಹೋಗುವುದು, ಸಂಜೆ ದಾಟಿ ಬರುವುದು. ಜರ್ನಲ್ ಜೋಡಿಸುವುದು, ಪಿ.ಜಿ. ಮಕ್ಕಳಿಗೆ ಪೇಪರ್, ಅಂದರೆ ಸಂಶೋಧನೆಯ ಲೇಖನ, ಹುಡುಕಿ ಕೊಡುವುದು ನನ್ನ ಕೆಲಸ. ಯಾರ ಮದ್ದನ್ನೂ ಬದಲಿಸಲು ನಾನು ಹೇಳುವುದಿಲ್ಲ. ಒಂದು ಹಾಳೆಯನ್ನು ಕೈಗೆ ತೆಗೆದುಕೊಂಡರೆ ಎಲ್ಲಿ ನೋಡಬೇಕು ಎನ್ನುವುದಷ್ಟೇ ನನಗೆ ಗೊತ್ತಿರುವುದು.

ನಮ್ಮ ಕಾಸರಗೋಡಿನವರ ಕಷ್ಟ ನಿಮಗೆ ಗೊತ್ತೇ ಇದೆ. ಸರ್ಕಾರಿ ಆಸ್ಪತ್ರೆಯ ಬೋರ್ಡು ಮಲಯಾಳದಲ್ಲಿ. ಮಂಗಳೂರಿನಿಂದ ತಂದ ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ. ಮನೆಯೊಳಗೆ ಕನ್ನಡವೋ ತುಳುವೋ. ಆರೋಗ್ಯದ ಬಗ್ಗೆ ದಿನ ಬೆಳಗಾದರೆ ಕನ್ನಡದಲ್ಲಿ ನಮ್ಮ ಕೈಗೆ ಬರುವುದು ವಾಟ್ಸಾಪ್ ಮೆಸೇಜು ಮಾತ್ರ. ಅದಕ್ಕೇ ಅದನ್ನು ಬೇಗ ನಂಬುತ್ತೇವೆ. ಅದು ನಮ್ಮ ಮಾತಿನಲ್ಲಿ ಮಾತಾಡುತ್ತದೆ, ಅಲ್ವಾ? ಹಾಗೆ ನಂಬಿಯೇ ನನ್ನ ಚಿಕ್ಕಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಮೂರು ತಿಂಗಳು ಯಾವುದೋ ಬೀಜದ ಪುಡಿ ಕದಡಿ ಕುಡಿದರು. ಕಾಲಿನ ಗಾಯ ಮಾಗಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಆ ಮೆಸೇಜಿನ ಕೆಳಗೆ 'ಸಂಶೋಧನೆಯಿಂದ ಸಾಬೀತಾಗಿದೆ' ಎಂದು ಬರೆದಿತ್ತು. ಆಮೇಲೆ ನಾನು ಹುಡುಕಿ ನೋಡಿದೆ. ಸಂಶೋಧನೆ ಇದ್ದದ್ದು ಹೌದು. ಇಲಿಗಳ ಮೇಲೆ ಮಾಡಿದ್ದು.

ಅಂದರೆ ಆ ಮೆಸೇಜು ಪೂರ್ತಿ ಸುಳ್ಳೇನಲ್ಲ. ಇಲಿಯ ಮೇಲೆ ಮಾಡಿದ್ದನ್ನು ಮನುಷ್ಯರ ಮೇಲೆ ಮಾಡಿದ ಹಾಗೆ ಮಾರಿದ್ದು ತಪ್ಪು. ಅದಕ್ಕೇ ನಿಜವಾ ಸುಳ್ಳಾ ಎಂದು ಕೇಳುವ ಮೊದಲು ಇದು ಯಾವ ಬಗೆಯ ಬರಹ ಎಂದು ಕೇಳಬೇಕು. ಅಡಿಕೆಯಲ್ಲಿ ಇದನ್ನು ನಾವು ದಿನಾ ಮಾಡುತ್ತೇವೆ. ಒಂದೇ ಅಂಗಳದಲ್ಲಿ ಒಣಗಿದ ಅಡಿಕೆ. ಸುಲಿದ ಮೇಲೆ ಚಾಲಿ ಬೇರೆ, ಪಟೋರ ಬೇರೆ, ಕೋಕ ಬೇರೆ, ಕರಿಗೋಟು ಬೇರೆ. ಕೋಕವೂ ಅಡಿಕೆಯೇ. ಆದರೆ ಚಾಲಿಯ ರೇಟಿಗೆ ಅದನ್ನು ಯಾರೂ ಕೊಳ್ಳುವುದಿಲ್ಲ. ಹೊರಗಿನಿಂದ ಚಂದ ಕಂಡರೂ ಎರಡು ಹೋಳು ಮಾಡಿ ಒಳಗೆ ನೋಡುತ್ತಾರೆ. ವೈದ್ಯಕೀಯ ಪೇಪರನ್ನೂ ಹಾಗೆಯೇ ಬಗೆ ನೋಡಿ ವಿಂಗಡಿಸಬೇಕು, ಆಮೇಲೆ ಹೋಳು ಮಾಡಿ ನೋಡಬೇಕು.

ಎಲ್ಲಕ್ಕಿಂತ ಸಣ್ಣದು ಒಬ್ಬ ಡಾಕ್ಟರು ತಾನು ಕಂಡ ಒಂದೆರಡು ರೋಗಿಗಳ ಬಗ್ಗೆ ಬರೆಯುವ ವರದಿ ಅಥವಾ ಪತ್ರ. ಇದನ್ನು ಕೆಳದರ್ಜೆಯದು ಎಂದು ತಳ್ಳಿಬಿಡುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. 1961ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಜರ್ನಲ್‌ನಲ್ಲಿ ವಿಲಿಯಂ ಮೆಕ್‌ಬ್ರೈಡ್ ಎಂಬ ಆಸ್ಟ್ರೇಲಿಯಾದ ಹೆರಿಗೆ ಡಾಕ್ಟರರ ಒಂದು ಪುಟ್ಟ ಪತ್ರ ಬಂತು. ಥಾಲಿಡೋಮೈಡ್ ಮಾತ್ರೆ ತೆಗೆದುಕೊಂಡ ಬಸುರಿಯರಿಗೆ ಕೈಕಾಲು ಸರಿ ಬೆಳೆಯದ ಮಕ್ಕಳು ಹುಟ್ಟುತ್ತಿದ್ದಾರೆ, ಬೇರೆ ಯಾರಾದರೂ ಇದನ್ನು ಕಂಡಿದ್ದೀರಾ ಎಂದು ಕೇಳಿದ್ದು, ಅಷ್ಟೇ. ಕೆಲವೇ ಸಾಲು. ಅದೇ ಹೊತ್ತಿಗೆ ಜರ್ಮನಿಯಲ್ಲಿ ವಿಡುಕಿಂಡ್ ಲೆಂಜ್ ಎಂಬ ಮಕ್ಕಳ ಡಾಕ್ಟರೂ ಇದನ್ನೇ ಹೇಳುತ್ತಿದ್ದರು. ಲೋಕದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಆ ಮಾತ್ರೆಯಿಂದ ಊನರಾದರು. ಆ ಸಣ್ಣ ಪತ್ರಗಳು ಇಲ್ಲದಿದ್ದರೆ ಇನ್ನೂ ಎಷ್ಟೋ.

ಪಡ್ರೆ, ಸ್ವರ್ಗ, ವಾಣಿನಗರದ ಕಡೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಇಲ್ಲೇನೋ ಆಗಿದೆ ಎಂದು ಮೊದಲು ಹೇಳಿದ್ದು ದೊಡ್ಡ ಸಂಸ್ಥೆಗಳಲ್ಲ. ಊರಿನ ಡಾಕ್ಟರು, ಊರಿನ ಪತ್ರಕರ್ತರು, ಮಕ್ಕಳನ್ನು ಎತ್ತಿಕೊಂಡು ಓಡಾಡಿದ ತಾಯಂದಿರು. ಆದರೆ ಅವರು ಎತ್ತಿದ್ದು ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಹೋಲಿಸಿ ನೋಡಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಅದನ್ನೇ ಮಾಡಿದರು. ಸಿಂಪಡಣೆ ನಡೆದ ಊರಿನ 117 ಹುಡುಗರು, ನಡೆಯದ ಊರಿನ 90 ಹುಡುಗರು, ಎಲ್ಲರೂ 10ರಿಂದ 19 ವರ್ಷದವರು. ಸಿಂಪಡಣೆಯ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು ಕಂಡಿತು. 2003ರಲ್ಲಿ ಅದು ಅಮೆರಿಕದ ಒಂದು ಒಳ್ಳೆಯ ಜರ್ನಲ್‌ನಲ್ಲಿ ಅಚ್ಚಾಯಿತು. ಅದಕ್ಕೆ ಆಕ್ಷೇಪದ ಪತ್ರಗಳು ಬಂದವು, ಬರೆದವರು ಉತ್ತರವನ್ನೂ ಕೊಟ್ಟರು. ಪೇಪರ್ ಓದುವಾಗ ಆ ಪತ್ರಗಳನ್ನೂ ಹುಡುಕಿ ಓದಿ ಎಂದು ನಾನು ಪಿ.ಜಿ. ಮಕ್ಕಳಿಗೆ ಹೇಳುತ್ತಿದ್ದೆ. ಒಂದು ಪೇಪರಿನ ಬಲ ಎಲ್ಲಿ, ತೂತು ಎಲ್ಲಿ ಎಂದು ಅಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ.

ಮೆಕ್‌ಬ್ರೈಡ್ ಅವರ ಕಥೆ ಇಲ್ಲಿಗೇ ಮುಗಿಯಲಿಲ್ಲ. ಮುಂದೆ ಅದೇ ಡಾಕ್ಟರು ಇನ್ನೊಂದು ಮದ್ದಿನ ವಿಷಯದಲ್ಲಿ ಪ್ರಯೋಗದ ಅಂಕಿಗಳನ್ನು ತಿದ್ದಿದರು. 1993ರಲ್ಲಿ ಅವರ ಹೆಸರನ್ನು ಡಾಕ್ಟರುಗಳ ಪಟ್ಟಿಯಿಂದಲೇ ತೆಗೆದುಹಾಕಿದರು. ಮೊದಲ ಸಲ ಸಾವಿರಾರು ಮಕ್ಕಳನ್ನು ಕಾಪಾಡಿದವರು. ಎರಡನೆಯ ಸಲ ಅವರೇ ಹೀಗೆ. ದೊಡ್ಡವರು ಬರೆದಿದ್ದಾರೆ ಎಂದು ಯಾರಾದರೂ ಪೇಪರ್ ತಂದರೆ ನನಗೆ ಇದು ನೆನಪಾಗುತ್ತದೆ. ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಏನು ಮಾಡಿದರು, ಎಷ್ಟು ಜನರ ಮೇಲೆ ಮಾಡಿದರು, ಯಾರ ಜೊತೆ ಹೋಲಿಸಿದರು, ಅದನ್ನು ನೋಡಿ.

ಈಗ ನಮ್ಮ ಅಡಿಕೆಗೆ ಬರುತ್ತೇನೆ.

"ನನ್ನ ಅಜ್ಜ 90 ವರ್ಷ ಬದುಕಿದರು, ದಿನಕ್ಕೆ ಹತ್ತು ಸಲ ಎಲೆಯಡಿಕೆ ಹಾಕಿದರು, ಏನೂ ಆಗಲಿಲ್ಲ." ಈ ಮಾತು ಇಲ್ಲಿ ಯಾರ ಮನೆಯಲ್ಲಿ ಇಲ್ಲ? ನಮ್ಮ ಮನೆಯಲ್ಲೂ ಇದೆ. ನನ್ನ ಅಜ್ಜನೂ ಹಾಗೇ. ಅದು ನಿಜ. ಆದರೆ ಅದು ಒಬ್ಬ ಮನುಷ್ಯನ ವರದಿ. 50ನೇ ವರ್ಷಕ್ಕೆ ಬಾಯಿಯ ಹುಣ್ಣಿನಲ್ಲಿ ಹೋದವರಿಗೆ ನಾವೆಲ್ಲ ಹೀಗೆ ನೆನೆಸಿಕೊಳ್ಳುವಂಥ ಅಜ್ಜ ಆಗುವಷ್ಟು ಆಯುಷ್ಯವೇ ಇರಲಿಲ್ಲ. ಅವರ ಲೆಕ್ಕ ಯಾರು ಹಿಡಿದರು?

ಆ ಲೆಕ್ಕ ಹಿಡಿಯುವ ಒಂದು ದಾರಿ ಇದೆ. ಬಾಯಿಯ ಕ್ಯಾನ್ಸರ್ ಆದ ನೂರಾರು ಜನರನ್ನು ಒಂದು ಕಡೆ ಇಡಿ. ಅದೇ ವಯಸ್ಸಿನ, ಅದೇ ಊರಿನ, ಕ್ಯಾನ್ಸರ್ ಇಲ್ಲದವರನ್ನು ಇನ್ನೊಂದು ಕಡೆ ಇಡಿ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಏನು ತಿನ್ನುತ್ತಿದ್ದಿರಿ, ಎಷ್ಟು ವರ್ಷ, ಹೊಗೆಸೊಪ್ಪು ಸೇರಿಸುತ್ತಿದ್ದಿರಾ, ಬೀಡಿ ಸೇದುತ್ತಿದ್ದಿರಾ. ಇದಕ್ಕೆ ಕೇಸ್ ಕಂಟ್ರೋಲ್ ಅಧ್ಯಯನ ಎನ್ನುತ್ತಾರೆ. ಇದರಲ್ಲಿ ಒಂದು ದೋಷ ಇದೆ. ಕಾಯಿಲೆ ಬಂದವರು ಹಳೆಯದನ್ನೆಲ್ಲ ಕೆದಕಿ ಕೆದಕಿ ನೆನಪು ಮಾಡಿಕೊಳ್ಳುತ್ತಾರೆ, ಬಾರದವರು ಸುಮ್ನೆ ಏನೋ ಹೇಳಿ ಎದ್ದು ಹೋಗುತ್ತಾರೆ. ಅದಕ್ಕಿಂತ ಗಟ್ಟಿಯಾದದ್ದು, ಇನ್ನೂ ಆರೋಗ್ಯವಾಗಿರುವ ಜನರನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡು ವರ್ಷಗಟ್ಟಲೆ ಹಿಂಬಾಲಿಸುವುದು. 1951ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಸಿಗರೇಟಿನ ವಿಷಯದಲ್ಲಿ 34,439 ಗಂಡು ಡಾಕ್ಟರುಗಳನ್ನು ಹೀಗೆ ಹಿಂಬಾಲಿಸಲು ಶುರು ಮಾಡಿದರು. ಆ ಅಧ್ಯಯನ 50 ವರ್ಷ ನಡೆಯಿತು.

ಅಡಿಕೆಯಲ್ಲಿ ಕಷ್ಟ ಏನೆಂದರೆ, ನಮ್ಮ ದೇಶದಲ್ಲಿ ಎಲೆಯಡಿಕೆ ಹಾಕುವವರಲ್ಲಿ ಬಹಳ ಮಂದಿ ಹೊಗೆಸೊಪ್ಪನ್ನೂ ಹಾಕುತ್ತಾರೆ. ಕೆಟ್ಟದ್ದು ಮಾಡಿದ್ದು ಅಡಿಕೆಯಾ ಹೊಗೆಸೊಪ್ಪಾ? 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐ.ಎ.ಆರ್.ಸಿ. ಇದನ್ನು ಕೂತು ನೋಡಿತು. ಹೊಗೆಸೊಪ್ಪು ಸೇರಿದ ಎಲೆಯಡಿಕೆಯಿಂದ ಕ್ಯಾನ್ಸರ್ ಬರುವುದು ಖಚಿತ, ಹೊಗೆಸೊಪ್ಪು ಇಲ್ಲದ್ದರ ಬಗ್ಗೆ ಹೇಳಲು ಪುರಾವೆ ಸಾಲದು ಎಂದಿತು. ಆಮೇಲೆ ತೈವಾನಿನಿಂದ ಅಧ್ಯಯನಗಳು ಬಂದವು. ಅಲ್ಲಿಯವರು ಹಸಿ ಅಡಿಕೆಗೆ ಸುಣ್ಣ, ವೀಳ್ಯ ಸೇರಿಸುತ್ತಾರೆ, ಹೊಗೆಸೊಪ್ಪು ಸೇರಿಸುವುದೇ ಇಲ್ಲ. ಸಿಗರೇಟು ಸೇದುವುದನ್ನು ಲೆಕ್ಕದಿಂದ ಬೇರೆ ಮಾಡಿದ ಮೇಲೂ ಬಾಯಿಯ ಕ್ಯಾನ್ಸರ್ ಅವರಲ್ಲಿ ಜಾಸ್ತಿ ಕಂಡಿತು. ಭಾರತ, ಪಾಕಿಸ್ತಾನದ ಅಧ್ಯಯನಗಳೂ ಸೇರಿದವು. 2003ರಲ್ಲಿ ಅದೇ ಸಂಸ್ಥೆ ಮತ್ತೆ ಕೂತು, ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಅಡಿಕೆಯೂ ಒಂದನೇ ಗುಂಪಿಗೆ ಸೇರುತ್ತವೆ ಎಂದಿತು. ಒಂದನೇ ಗುಂಪು ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾದವು.

18 ವರ್ಷದಲ್ಲಿ ಅಭಿಪ್ರಾಯ ಬದಲಾಯಿತು, ಹಾಗಾದರೆ ಅವರನ್ನು ಹೇಗೆ ನಂಬುವುದು ಎಂದು ಭಾವ ಕೇಳಿದರು. ನಾನು ಹೇಳುವುದು, ಅದಕ್ಕೇ ನಂಬಬೇಕು. ಪುರಾವೆ ಸಾಲದಿದ್ದಾಗ ಸಾಲದು ಎಂದರು. ಬಂದಾಗ ಬಂತು ಎಂದರು. ಯಾವ ಅಧ್ಯಯನ ನೋಡಿ ಹಾಗೆ ಹೇಳಿದೆವು ಎಂದು ಪಟ್ಟಿ ಕೊಟ್ಟರು. ಅವರ ವರದಿಯ ಪುಸ್ತಕವನ್ನು ಯಾರು ಬೇಕಾದರೂ ತೆರೆದು ಓದಬಹುದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಂದನೇ ಗುಂಪು ಎಂದರೆ ಪುರಾವೆ ಎಷ್ಟು ಗಟ್ಟಿ ಎಂದು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂದಲ್ಲ. ಬಿಸಿಲು, ಮದ್ಯ, ಸಿಗರೇಟು ಎಲ್ಲವೂ ಅದೇ ಗುಂಪಿನಲ್ಲಿವೆ. ಹಾಗಾಗಿ ಅಡಿಕೆ ಸಿಗರೇಟಿನಷ್ಟೇ ಕೆಟ್ಟದ್ದು ಎಂದು ಟಿ.ವಿ.ಯಲ್ಲಿ ಹೇಳಿದರೆ ಅದನ್ನು ಆ ಪಟ್ಟಿ ಹೇಳುವುದಿಲ್ಲ. ಎಷ್ಟು ಎನ್ನುವುದಕ್ಕೆ ಬೇರೆ ಲೆಕ್ಕ ಬೇಕು. ಅದೇ ಸಂಸ್ಥೆಯವರು 2024ರಲ್ಲಿ ಒಂದು ಲೆಕ್ಕ ಕೊಟ್ಟರು. 2022ರಲ್ಲಿ ಲೋಕದಲ್ಲಿ 3,89,800 ಜನರಿಗೆ ಬಾಯಿಯ ಕ್ಯಾನ್ಸರ್ ಬಂತು, ಅದರಲ್ಲಿ 1,20,200 ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ, ಅದರಲ್ಲೂ 83,400 ಭಾರತದಲ್ಲೇ ಎಂದು. ಗಮನಿಸಿ, ಅದು ತಂಬಾಕು ಮತ್ತು ಅಡಿಕೆ ಎರಡೂ ಸೇರಿದ ಅಂಕಿ, ತಲೆ ಎಣಿಸಿದ್ದಲ್ಲ, ಅಂದಾಜಿನ ಲೆಕ್ಕ. ಇದನ್ನು ಅಡಿಕೆ ಒಂದರ ಮೇಲೆ ಹಾಕುವುದೂ ತಪ್ಪು. ಅಂದಾಜು ತಾನೇ ಎಂದು ಬಿಸಾಡುವುದೂ ತಪ್ಪು.

ಈಗ ಭಾವನ ಜೆರಾಕ್ಸ್ ಹಾಳೆ. ನಾನು ಮೂಲ ಪೇಪರನ್ನು ತೆಗೆಸಿ ಓದಿದೆ. ಹೆಡ್ಡಿಂಗ್ ಬಿಟ್ಟು ನೇರ ಒಳಗೆ, ಅವರು ಏನು ಮಾಡಿದರು ಎಂದು ಬರೆಯುವ ಭಾಗಕ್ಕೆ ಹೋಗಬೇಕು. ಅಲ್ಲಿ ಮನುಷ್ಯರೇ ಇಲ್ಲ, ಇಲಿಯೂ ಇಲ್ಲ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶ, ಅದರ ಮೇಲೆ ಅಡಿಕೆಯ ಸಾರ. ಜೀವಕೋಶ ಸತ್ತಿತು. ಸಾಯಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತಟ್ಟೆಯಲ್ಲಿರುವ ಜೀವಕೋಶ ಉಪ್ಪು ಜಾಸ್ತಿ ಆದರೂ ಸಾಯುತ್ತದೆ, ಸ್ಪಿರಿಟ್ ಹಾಕಿದರೂ ಸಾಯುತ್ತದೆ. ದವಡೆಯಲ್ಲಿ ವರ್ಷಗಟ್ಟಲೆ ಅಡಿಕೆ ಇಟ್ಟುಕೊಂಡ ಮನುಷ್ಯನ ಬಾಯಿಗೆ ಏನಾಗುತ್ತದೆ ಎನ್ನುವುದು ಆ ಪೇಪರಿನ ಪ್ರಶ್ನೆಯೇ ಅಲ್ಲ. ಮುಂದೊಂದು ದಿನ ಅದರಿಂದ ಮದ್ದೂ ಬರಬಹುದು. ವಿಷದ ಗಿಡಗಳಿಂದಲೂ ಕ್ಯಾನ್ಸರ್ ಮದ್ದು ಬಂದಿದೆ, ಹಾಗೆಂದು ಯಾರೂ ಆ ಗಿಡವನ್ನು ಅಗಿಯುವುದಿಲ್ಲ.

ನಮ್ಮ ಮನೆಯ ಊಟವೂ ಅಡಿಕೆಯಿಂದಲೇ. ನನ್ನನ್ನು ಓದಿಸಿದ್ದು ಅದೇ ತೋಟ. ಆ ಹೆಡ್ಡಿಂಗ್ ಓದಿದಾಗ ನನ್ನ ಮನಸ್ಸಿಗೂ ಒಂದು ಸಮಾಧಾನ ಆಯಿತು. ಅದೇ ನನ್ನನ್ನು ಎಚ್ಚರಿಸಿದ್ದು. ಇಷ್ಟವಾದ ಪೇಪರನ್ನು ಎರಡು ಸಲ ಹೋಳು ಮಾಡಿ ನೋಡಬೇಕು. ಇಷ್ಟವಾಗದ್ದನ್ನು ಹೇಗೂ ನಾವು ಬಿಡದೆ ನೋಡುತ್ತೇವೆ.

ಮದ್ದಿನ ವಿಷಯಕ್ಕೆ ಬಂದರೆ, ಒಂದು ಮದ್ದು ಕೆಲಸ ಮಾಡುತ್ತದಾ ಇಲ್ವಾ ಎಂದು ತಿಳಿಯಲು ಇದಕ್ಕಿಂತ ಗಟ್ಟಿಯಾದ ಬಗೆ ಇದೆ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಪಾಲು ಮಾಡುವುದು. ಒಂದು ಪಾಲಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಹಳೆಯದು. ಯಾರಿಗೆ ಯಾವುದು ಎಂದು ಡಾಕ್ಟರು ಆರಿಸುವ ಹಾಗಿಲ್ಲ, ರೋಗಿಯೂ ಆರಿಸುವ ಹಾಗಿಲ್ಲ. ಇದಕ್ಕೆ ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗದ ಒಂದು ಕೇಂದ್ರ ಶುರುವಾಯಿತು. ಆಗೆಲ್ಲ ಕ್ಷಯ ಎಂದರೆ ಸ್ಯಾನಟೋರಿಯಂ. ಹಾಸಿಗೆ, ಒಳ್ಳೆಯ ಊಟ, ಗಾಳಿ, ವಿಶ್ರಾಂತಿ. ಬಡವರಿಗೆ ಅದು ಎಲ್ಲಿ ಸಿಗಬೇಕು? ಆ ಕೇಂದ್ರದವರು ಇನ್ನೂರಕ್ಕೂ ಕಡಿಮೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಅರ್ಧ ಜನ ಸ್ಯಾನಟೋರಿಯಂನಲ್ಲಿ. ಅರ್ಧ ಜನ ತಮ್ಮದೇ ಇಕ್ಕಟ್ಟಾದ ಮನೆಯಲ್ಲಿ, ಅರೆಹೊಟ್ಟೆ ಊಟದಲ್ಲಿ. ಮಾತ್ರೆ ಇಬ್ಬರಿಗೂ ಒಂದೇ. ಒಂದು ವರ್ಷ ಕಳೆದ ಮೇಲೆ ನೋಡಿದರೆ ಗುಣವಾದವರ ಸಂಖ್ಯೆಯಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಮನೆಯವರಿಗೆ ರೋಗ ಜಾಸ್ತಿ ಹರಡಲೂ ಇಲ್ಲ. 1959ರಲ್ಲಿ ಇದು ಅಚ್ಚಾಯಿತು, ಲೋಕವೆಲ್ಲ ಕ್ಷಯಕ್ಕೆ ಮನೆಯಲ್ಲೇ ಚಿಕಿತ್ಸೆ ಕೊಡಲು ಶುರು ಮಾಡಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಕ್ಷಯದ ಮಾತ್ರೆ ಮನೆಗೆ ತಂದು ಕೊಡುತ್ತಾರಲ್ಲ, ಅದರ ಬೇರು ಅಲ್ಲಿದೆ. ನನಗೆ ಬಹಳ ಇಷ್ಟವಾದ ಪೇಪರ್ ಅದು.

ಇನ್ನೊಂದು ನೆನಪಿಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. 2021ರ ಏಪ್ರಿಲ್, ಮೇ ನೆನಪಿದೆಯಾ? ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಒಂದೇ, 'ಬಿ ಪಾಸಿಟಿವ್ ಪ್ಲಾಸ್ಮಾ ಬೇಕು, ಅರ್ಜೆಂಟ್'. ಮನೆಯವರು ಕೊರೊನಾದಿಂದ ಗುಣವಾದವರನ್ನು ಹುಡುಕಿ, ಅವರ ರಕ್ತದ ಆ ತಿಳಿ ಭಾಗಕ್ಕಾಗಿ ಕಾಲು ಹಿಡಿಯುತ್ತಿದ್ದರು. ಆ ಹೊತ್ತಿಗೆ ಪ್ಲಾಸ್ಮಾದ ಮೇಲೆ ನಮ್ಮ ದೇಶದಲ್ಲೇ ಚೀಟಿ ಎತ್ತಿದ ಟ್ರಯಲ್ ಮುಗಿದು ಅರ್ಧ ವರ್ಷ ಕಳೆದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., ನಡೆಸಿದ್ದು. 39 ಆಸ್ಪತ್ರೆ, 464 ರೋಗಿಗಳು. 28 ದಿನದೊಳಗೆ ಕಾಯಿಲೆ ತೀವ್ರವಾದವರು ಅಥವಾ ತೀರಿಹೋದವರು ಪ್ಲಾಸ್ಮಾ ಕೊಟ್ಟವರಲ್ಲಿ 100ಕ್ಕೆ 19, ಕೊಡದವರಲ್ಲಿ 100ಕ್ಕೆ 18. ಅಂದರೆ ಪ್ರಯೋಜನ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಬಿ.ಎಂ.ಜೆ. ಎಂಬ ಬ್ರಿಟನ್ನಿನ ಜರ್ನಲ್‌ನಲ್ಲಿ ಅಚ್ಚಾಗಿತ್ತು. ಸರ್ಕಾರದ ಚಿಕಿತ್ಸೆಯ ಗೈಡ್‌ಲೈನ್‌ನಿಂದ ಪ್ಲಾಸ್ಮಾ ಹೊರಗೆ ಹೋದದ್ದು 2021ರ ಮೇ 17ಕ್ಕೆ. ಏಳು ತಿಂಗಳು. ಗೈಡ್‌ಲೈನ್ ಎಂದರೆ ನೂರಾರು ಪೇಪರ್ ನೋಡಿ ತಜ್ಞರು ಕೂತು ಬರೆಯುವ ಸೂಚನೆ, ಡಾಕ್ಟರಿಗೆ ಕೆಲಸಕ್ಕೆ ಬರುವುದು ಅದೇ. ಆದರೂ ಅದರ ಮೇಲಿನ ತಾರೀಕು ನೋಡಬೇಕು. ದಪ್ಪ ಪಠ್ಯಪುಸ್ತಕದ್ದೂ ಹಾಗೆಯೇ. ಅಂಗರಚನೆ ತಿಳಿಯಲು ಹತ್ತು ವರ್ಷ ಹಳೆಯ ಪುಸ್ತಕ ಸಾಕು. ಮದ್ದಿನ ಡೋಸ್ ನೋಡಲು ಸಾಲದು.

ಒಂದೊಂದೇ ಟ್ರಯಲ್ ನಂಬುವ ಬದಲು ಎಲ್ಲವನ್ನೂ ಹುಡುಕಿ ಒಟ್ಟು ಮಾಡಿ ನೋಡುವ ಬರಹಗಳೂ ಇವೆ. 1993ರಲ್ಲಿ ಶುರುವಾದ ಕಾಕ್ರೇನ್ ಎಂಬ ಕೂಟ ಇದನ್ನೇ ಮಾಡುತ್ತದೆ. ಅವರ ಲಾಂಛನದಲ್ಲಿ ಕೆಲವು ಅಡ್ಡಗೆರೆ ಕಾಣುತ್ತವೆ. ದಿನ ತುಂಬುವ ಮೊದಲೇ ಹೆರಿಗೆ ಆಗುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುತ್ತದಾ ಎಂದು ನೋಡಿದ ಟ್ರಯಲ್‌ಗಳು ಅವು. ಮೊದಲನೆಯದು ಬಂದದ್ದು 1972ರಲ್ಲಿ. ಎಲ್ಲವನ್ನೂ ಕ್ರಮವಾಗಿ ಕೂಡಿಸಿ ನೋಡಿದ್ದು 1989ರಲ್ಲಿ. ಅಷ್ಟರವರೆಗೆ ಎಷ್ಟೋ ಡಾಕ್ಟರಿಗೆ ಅದು ಗೊತ್ತೇ ಇರಲಿಲ್ಲ. ಉಳಿಯಬಹುದಾದ ಎಷ್ಟೋ ಕೂಸುಗಳು ಉಳಿಯಲಿಲ್ಲ. ಹಾಗೆಂದು ಕೂಡಿಸಿದ್ದೆಲ್ಲ ಸರಿ ಎಂದಲ್ಲ. ಕೊರೊನಾ ಕಾಲದಲ್ಲಿ ಐವರ್‌ಮೆಕ್ಟಿನ್ ಎಂಬ ಹುಳದ ಮದ್ದು ಸಾವು ತಪ್ಪಿಸುತ್ತದೆ ಎಂದು ಇಂಥ ಕೆಲವು ಬರಹ ಬಂದವು. ಆ ಲೆಕ್ಕದ ದೊಡ್ಡ ಪಾಲು ಒಂದೇ ಅಧ್ಯಯನದಿಂದ ಬಂದಿತ್ತು, ಅದೂ ಯಾವ ಜರ್ನಲ್ಲೂ ಪರಿಶೀಲಿಸದೆ ನೇರ ನೆಟ್ಟಿಗೆ ಹಾಕಿದ ಪ್ರಿಪ್ರಿಂಟ್. 2021ರಲ್ಲಿ ಒಬ್ಬ ವಿದ್ಯಾರ್ಥಿ ಅದರ ಅಂಕಿಗಳನ್ನು ತೆರೆದು ನೋಡಿದ. ತಾಳೆ ಆಗಲಿಲ್ಲ. ಅದನ್ನು ವಾಪಸು ತೆಗೆದರು, ಕೂಡಿಸಿದ ಲೆಕ್ಕವೂ ಕುಸಿಯಿತು.

ಪರಿಶೀಲಿಸಿದ ಜರ್ನಲ್ ಆದರೂ ಕಣ್ಣು ಮುಚ್ಚುವ ಹಾಗಿಲ್ಲ. 2020ರ ಮೇ 22ಕ್ಕೆ ಲ್ಯಾನ್ಸೆಟ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾದ ಮದ್ದನ್ನು ಕೊರೊನಾಕ್ಕೆ ಕೊಟ್ಟ ಬಗ್ಗೆ 96,032 ರೋಗಿಗಳ ಪೇಪರ್ ಬಂತು. ಜೂನ್ 4ಕ್ಕೆ ಹಿಂತೆಗೆದರು. ಆ ರೋಗಿಗಳ ದಾಖಲೆ ಎಲ್ಲಿ ಎಂದರೆ ಯಾರಿಗೂ ತೋರಿಸಲು ಆಗಲಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಹೆದರಿಕೆ ಹಬ್ಬಿಸಿದ 1998ರ ಪೇಪರ್ ಕೂಡ ಅಲ್ಲೇ ಬಂದದ್ದು. 12 ಮಕ್ಕಳು ಅಷ್ಟೇ. ಹಿಂತೆಗೆಯಲು 12 ವರ್ಷ ಬೇಕಾಯಿತು. ಇವತ್ತಿಗೂ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅದು ಬರುತ್ತದೆ. ಹಾಗಾಗಿ ಪೇಪರಿನ ಹೆಸರನ್ನು ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಟ್ಟಿ ಅದು. ದುಡ್ಡು ಕೊಡಬೇಕಾಗಿಲ್ಲ. ಹಿಂತೆಗೆದಿದ್ದರೆ ದೊಡ್ಡದಾಗಿ ಬರೆದಿರುತ್ತದೆ. ಆದರೆ ಪಬ್‌ಮೆಡ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ. ಅದು ಕ್ಯಾಟಲಾಗ್. ನಮ್ಮ ವಾಚನಾಲಯದ ರಿಜಿಸ್ಟರಿನಲ್ಲಿ ಇರುವ ಪುಸ್ತಕವೆಲ್ಲ ಒಳ್ಳೆಯದಾ?

ಸಂಖ್ಯೆಯ ಬಗ್ಗೆ ಒಂದು ಮಾತು. 1995ರಲ್ಲಿ ಬ್ರಿಟನ್ನಿನಲ್ಲಿ ಒಂದು ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಎಂದು ಎಚ್ಚರಿಕೆ ಕೊಟ್ಟರು. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಬೇಡದ ಬಸಿರು, ಗರ್ಭಪಾತ ಸಾವಿರಗಟ್ಟಲೆ ಏರಿತು. ಎರಡು ಪಟ್ಟು ಎಂದರೆ ಎಷ್ಟು? 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಪಟ್ಟು, ಪರ್ಸೆಂಟ್ ಎಂದು ಕಂಡರೆ 'ಎಷ್ಟರಲ್ಲಿ ಎಷ್ಟು' ಎಂದು ಕೇಳಿ.

ಏನನ್ನು ಅಳೆದರು ಎನ್ನುವುದೂ ಅಷ್ಟೇ ಮುಖ್ಯ. ಹೃದಯಾಘಾತ ಆದವರಲ್ಲಿ ಎದೆಬಡಿತ ತಪ್ಪುವುದನ್ನು ನಿಲ್ಲಿಸಲು ಎರಡು ಮದ್ದು ಕೊಡುತ್ತಿದ್ದರು. ಇ.ಸಿ.ಜಿ. ಚಂದ ಬರುತ್ತಿತ್ತು. ಟ್ರಯಲ್ ಮಾಡಿ ನೋಡಿದಾಗ, 1991ರಲ್ಲಿ ಬಂದ ವರದಿಯಲ್ಲಿ, ಮದ್ದು ತೆಗೆದುಕೊಂಡ 755 ಜನರಲ್ಲಿ 63 ಸಾವು, ಬರೀ ಸಕ್ಕರೆಯಂಥ ಮಾತ್ರೆ ತೆಗೆದುಕೊಂಡ 743 ಜನರಲ್ಲಿ 26. ಇ.ಸಿ.ಜಿ. ಸರಿಯಾಯಿತು, ಮನುಷ್ಯ ಉಳಿಯಲಿಲ್ಲ.

ದುಡ್ಡು ಯಾರು ಕೊಟ್ಟರು ಎಂದು ಪೇಪರಿನ ಕೊನೆಯಲ್ಲಿ ಇರುತ್ತದೆ, ನೋಡಿ. ಕಂಪನಿ ದುಡ್ಡು ಕೊಟ್ಟದ್ದೆಲ್ಲ ಸುಳ್ಳಲ್ಲ, ಇನ್ನಷ್ಟು ನಿಧಾನವಾಗಿ ಓದಬೇಕು ಅಷ್ಟೇ. ನಮ್ಮ ದೇಶದ ಟ್ರಯಲ್ ಆದರೆ ಸಿ.ಟಿ.ಆರ್.ಐ. ಎಂಬ ಟ್ರಯಲ್‌ಗಳ ರಾಷ್ಟ್ರೀಯ ಪಟ್ಟಿಯಲ್ಲಿ ನೋಂದಣಿ ಇದೆಯಾ ನೋಡಿ. 2007ರಲ್ಲಿ ಶುರುವಾದದ್ದು, 2009ರಿಂದ ಕಡ್ಡಾಯ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಅಲ್ಲಿ ಬರೆದಿಡಬೇಕು. ಕೊನೆಗೆ ಬೇರೇನನ್ನೋ ಅಳೆದು ಗೆದ್ದೆವು ಎಂದರೆ ಸಿಕ್ಕಿಬೀಳುತ್ತಾರೆ. ದುಡ್ಡು ತೆಗೆದುಕೊಂಡು ಒಂದೇ ವಾರದಲ್ಲಿ ಏನನ್ನೂ ಅಚ್ಚು ಹಾಕುವ ಜರ್ನಲ್‌ಗಳೂ ಬೇಕಾದಷ್ಟಿವೆ, ನಮ್ಮ ಲೈಬ್ರರಿಯ ಈಮೇಲಿಗೆ ದಿನಾ ಬರುತ್ತಿದ್ದವು. ಎ.ಐ. ಕೇಳಿ ಪೇಪರುಗಳ ಹೆಸರು ಬರೆದುಕೊಂಡು ಬಂದ ಮಕ್ಕಳೂ ನನ್ನ ಕೊನೆಯ ಎರಡು ವರ್ಷದಲ್ಲಿ ಇದ್ದರು. ಜರ್ನಲ್ ಹೆಸರು ಸರಿ, ವರ್ಷ ಸರಿ, ಪುಟದ ನಂಬರೂ ಇದೆ. ಹುಡುಕಿದರೆ ಅಂಥ ಪೇಪರೇ ಇಲ್ಲ.

ಪ್ರಶ್ನೆಗಳು ತುಂಬ ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಒಬ್ಬ ಟೀಚರಮ್ಮ ಕೇಳಿದರು: "ಇಂಗ್ಲಿಷ್ ಬಾರದ ನನ್ನ ಅತ್ತೆ ಎಂತ ಮಾಡಬೇಕು?" ನನಗೆ ಸುಲಭದ ಉತ್ತರ ಇಲ್ಲ. ಡಾಕ್ಟರ ಹತ್ತಿರ ಮೂರು ಮಾತು ಕೇಳಬಹುದು: ಇದರಿಂದ 100 ಜನರಲ್ಲಿ ಎಷ್ಟು ಜನರಿಗೆ ಒಳ್ಳೆಯದಾಗುತ್ತದೆ, ಎಷ್ಟು ಜನರಿಗೆ ತೊಂದರೆ ಆಗುತ್ತದೆ, ಸುಮ್ನೆ ಬಿಟ್ಟರೆ ಏನಾಗುತ್ತದೆ. ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಸಾಕು. ಮತ್ತೆ, ಬಂದ ಮೆಸೇಜನ್ನು ನನಗೆ ಕಳಿಸಿ. ಪ್ರತಿ ತಿಂಗಳ ಎರಡನೆಯ ಭಾನುವಾರ ನಾನು ವಾಚನಾಲಯದಲ್ಲಿ ಕೂರುತ್ತೇನೆ, ಒಟ್ಟಿಗೆ ಓದುವ.

ಹಿಂದಿನ ಸಾಲಿನಿಂದ ಒಬ್ಬರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು: "ಹಾಗಾದರೆ ತೋಟ ಕಡಿಯಬೇಕಾ?" ಇಲ್ಲ. ಅದು ಆ ಅಧ್ಯಯನಗಳು ಉತ್ತರ ಕೊಡುವ ಪ್ರಶ್ನೆಯಲ್ಲ. ಏನು ಬೆಳೆಯಬೇಕು, ಬೇರೆ ಯಾವುದಕ್ಕೆ ಅಡಿಕೆ ಉಪಯೋಗ, ಸರ್ಕಾರ ಬೆಳೆಗಾರರಿಗೆ ಏನು ಮಾಡಬೇಕು, ಅದಕ್ಕೆ ಬೇರೆ ಜನ ಬೇರೆ ಲೆಕ್ಕ ಹಾಕಬೇಕು. ಬಾಯಿಗೆ ಹಾಕುವ ವಿಷಯದಲ್ಲಿ ಮಾತ್ರ ಪುರಾವೆ ಗಟ್ಟಿ ಇದೆ ಎಂದೇ ನಾನು ಹೇಳುತ್ತೇನೆ. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಗೆ ಬಿಳಿಚಿ ಗಟ್ಟಿಯಾಗುವುದು, ಬಾಯಿ ಮೊದಲಿನಷ್ಟು ತೆರೆಯಲು ಆಗದಿರುವುದು, ಇವನ್ನು ಬಿಡಬೇಡಿ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹೋಗುತ್ತದಾ ನೋಡಿ ಎಂದೆ.

ಅಲ್ಲಿದ್ದವರೆಲ್ಲ ಬೆರಳು ಬಾಯಿಗೆ ಇಟ್ಟರು. ಸಭೆ ಮುಗಿದು ಕುರ್ಚಿ ಮಡಚುವಾಗ ಭಾವ ನನ್ನ ಹತ್ತಿರ ಬಂದರು. ಅವರಿಗೆ ಎರಡೇ ಬೆರಳು ಹೋದದ್ದು. ಒಂದು ವರ್ಷದಿಂದ ಉಪ್ಪಿನಕಾಯಿ ಬಿಟ್ಟಿದ್ದಾರಂತೆ, ಉರಿಯುತ್ತದೆ ಎಂದು. ಬುಧವಾರ ಮಗನ ಜೊತೆ ಮಂಗಳೂರಿಗೆ ಹೋಗಿ ತೋರಿಸಿ ಬಂದರು. ಎಡಕೆನ್ನೆಯಲ್ಲಿ ಒಂದು ಬಿಳಿ ಮಚ್ಚೆ ಇದೆಯಂತೆ, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಬಂದ ಕೂಡಲೇ ತರುತ್ತೇನೆ, ಒಟ್ಟಿಗೆ ಓದುವ ಎಂದಿದ್ದಾರೆ. ಆ ಜೆರಾಕ್ಸ್ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ಅವರು ವಾಪಸು ಕೇಳಲಿಲ್ಲ.